ಡಿಸ್ಕಿಗೆ ಎಷ್ಟು ಗೋಡೆ ಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಕೇಳುತ್ತದೆ, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದಕ್ಕಿಂತ ಈಚಿನದು ಬೇಕು. ಶಿವಮೊಗ್ಗ, ಭದ್ರಾವತಿಯ ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಟ್ಯೂಷನ್ ಮನೆಗಳಲ್ಲಿ ಇನ್ನೂ ಚೆನ್ನಾಗಿಯೇ ಓಡುವ ಹಳೆಯ ಐ3 ಡೆಸ್ಕ್‌ಟಾಪ್‌ಗಳಿಗೆ ಆ ದಾರಿ ಇಲ್ಲ. ಒಂದು 256 ಜಿಬಿ ಎಸ್‌ಎಸ್‌ಡಿ ಹಾಕಿಸಿ ಉಬುಂಟುವೋ ಲಿನಕ್ಸ್ ಮಿಂಟೋ ಡೆಬಿಯನ್ನೋ ಹಾಕಿಕೊಂಡರೆ ಅವು ಇನ್ನೂ ಕೆಲವು ವರ್ಷ ದುಡಿಯುತ್ತವೆ.

ಇನ್‌ಸ್ಟಾಲ್ ಮಾಡುವಾಗ ಭಾಷೆ, ಕೀಬೋರ್ಡ್, ವೈಫೈ ಎಲ್ಲ ಸಲೀಸಾಗಿ ದಾಟುತ್ತದೆ. ಕೈ ನಿಲ್ಲುವುದು ಒಂದೇ ಪರದೆಯಲ್ಲಿ: ಡಿಸ್ಕನ್ನು ಹೇಗೆ ಭಾಗ ಮಾಡಬೇಕು? ಡೆಬಿಯನ್ ಅಲ್ಲಿ ಕೆಲವು ಆಯ್ಕೆ ಮುಂದಿಡುತ್ತದೆ. ಎಲ್ಲವೂ ಒಂದೇ ಪಾರ್ಟಿಷನ್ನಿನಲ್ಲಿ, ನಿಮ್ಮ ಕಡತಗಳಿರುವ ಹೋಮ್ ಮಾತ್ರ ಬೇರೆ, ಇಲ್ಲವೇ ಹೋಮ್, ಬೆಳೆಯುವ ದತ್ತಾಂಶದ ವಾರ್, ತಾತ್ಕಾಲಿಕ ಕಡತಗಳ ಟೆಂಪ್ ಮೂರೂ ಬೇರೆಬೇರೆ. ಗೊತ್ತಿದ್ದವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಅವರಲ್ಲಿ ಹೆಚ್ಚಿನವರು ತಮ್ಮ ಮೊದಲ ಕಂಪ್ಯೂಟರಿಗೆ ಹಾಕಿದ್ದ ಲೆಕ್ಕವನ್ನೇ ಈಗಲೂ ಹೇಳುತ್ತಿರುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಪಾರ್ಟಿಷನ್ನೂ ಡಿಸ್ಕಿನೊಳಗೆ ಕಟ್ಟಿದ ಒಂದು ಗೋಡೆ. ಕಟ್ಟುವುದು ಸುಲಭ, ಆಮೇಲೆ ಸರಿಸುವುದು ಕಷ್ಟ. ಯಾವ ಅನಾಹುತ ತಡೆಯಲು ಈ ಗೋಡೆ ಎಂದು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಅದನ್ನು ಕಟ್ಟಬೇಡಿ.

ಗೋಡೆಯ ತೊಂದರೆ ನಮ್ಮೂರಿನವರಿಗೆ ಹೊಸದಲ್ಲ. ಅಸೆಂಬಲ್ ಮಾಡಿಸಿದ ಯಾವುದೇ ಹಳೆಯ ವಿಂಡೋಸ್ ಮಶೀನ್ ತೆರೆದು ನೋಡಿ. ಸಿ ಡ್ರೈವಿಗೆ 100 ಜಿಬಿ, ಉಳಿದದ್ದು ಡಿ, ಇ ಎಂದು ಭಾಗ ಮಾಡಿಕೊಟ್ಟಿರುತ್ತಾರೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಸಿ ಡ್ರೈವಿನ ಪಟ್ಟಿ ಕೆಂಪಾಗಿರುತ್ತದೆ, ಪಕ್ಕದ ಇ ಡ್ರೈವ್ ಮುಕ್ಕಾಲು ಖಾಲಿ. ಡಿಸ್ಕಿನಲ್ಲಿ ಜಾಗವಿದೆ, ಬೇಕಾದ ಕಡೆ ಇಲ್ಲ. ಲಿನಕ್ಸಿನಲ್ಲಿ ವ್ಯವಸ್ಥೆ ಕೂರುವ ರೂಟ್ ಮತ್ತು ಹೋಮ್ ಬೇರೆ ಮಾಡಿದವರೂ ಇದೇ ಗುಂಡಿಗೆ ಬೀಳುತ್ತಾರೆ.

ಹಳೆಯ ಪುಸ್ತಕಗಳಲ್ಲಿ ಆರೇಳು ಪಾರ್ಟಿಷನ್ ಮಾಡಿ ಎಂದು ಬರೆದಿರುವುದಕ್ಕೆ ಕಾರಣವಿದೆ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಕಟ್ಟುತ್ತಿದ್ದಾಗ ಪಿಡಿಪಿ-11 ಯಂತ್ರದ ಒಂದು ಡಿಸ್ಕಿನಲ್ಲಿ ಇಡೀ ವ್ಯವಸ್ಥೆ ಹಿಡಿಸುತ್ತಿರಲಿಲ್ಲ. ಮೊದಲ ಡಿಸ್ಕಿನಲ್ಲಿ ಹಿಡಿಸದ್ದು ಎರಡನೆಯದಕ್ಕೆ, ಅಂದರೆ ಯುಎಸ್ಆರ್ ಎಂಬ ಕಡೆಗೆ ಹೋಯಿತು. ಜಾಗವಿಲ್ಲದೆ ಮಾಡಿದ ಏರ್ಪಾಡು ಆಮೇಲೆ ಶಾಸ್ತ್ರವಾಯಿತು. ಈಗ ಅದು ತಿರುವುಮುರುವಾಗಿದೆ. 2023ರ ಡೆಬಿಯನ್ 12ರಿಂದೀಚೆಗೆ ಬಿನ್, ಲಿಬ್ ಮುಂತಾದವೆಲ್ಲ ಯುಎಸ್ಆರ್ ಒಳಗೇ ಇರಬೇಕೆಂಬ ನಿಯಮ ಬಂದಿದೆ. ಆದ್ದರಿಂದ ಯುಎಸ್ಆರ್‌ಗೆ ಪ್ರತ್ಯೇಕ ಪಾರ್ಟಿಷನ್ ಎಂಬ ಸಲಹೆ ಎಲ್ಲಿ ಕಂಡರೂ ಪುಟ ತಿರುವಿ. ಹಾಗೆಂದು ಬಹು ಪಾರ್ಟಿಷನ್ ಪಂಥ ಸತ್ತಿಲ್ಲ. ಓಪನ್‌ಬಿಎಸ್‌ಡಿ ತಾನಾಗಿಯೇ ಹತ್ತರ ಹತ್ತಿರ ಪಾರ್ಟಿಷನ್ ಮಾಡುತ್ತದೆ, ಒಂದೊಂದಕ್ಕೂ ಬೇರೆಬೇರೆ ಭದ್ರತಾ ನಿರ್ಬಂಧ ಹಾಕುತ್ತದೆ. ಅಲ್ಲಿ ಗೋಡೆಯ ಕಾರಣ ಸ್ಪಷ್ಟವಿದೆ. ಮನೆಯ ಮಿಂಟ್‌ಗೆ ಅದು ಬೇಕಿಲ್ಲ.

ಮೊದಲು ತಳಪಾಯ ನೋಡಿ. ಯುಇಎಫ್ಐ ಇರುವ ಮಶೀನಿನಲ್ಲಿ ಜಿಪಿಟಿ ಪಟ್ಟಿಯನ್ನೇ ಆರಿಸಿ. ಹಳೆಯ ಎಂಬಿಆರ್ ಪಟ್ಟಿಗೆ ನಾಲ್ಕೇ ಪ್ರೈಮರಿ ಪಾರ್ಟಿಷನ್, 2 ಟಿಬಿ ಮೀರಿದರೆ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಜಿಪಿಟಿಯಲ್ಲಿ ಸಾಮಾನ್ಯವಾಗಿ 128ರವರೆಗೆ ಮಾಡಬಹುದು. ಯುಇಎಫ್ಐ ಮಶೀನಿನಲ್ಲಿ ಜಿಪಿಟಿಯ ಜೊತೆ ಎಫ್‌ಎಟಿ32 ಮಾದರಿಯ ಒಂದು ಸಣ್ಣ ಇಎಫ್ಐ ಪಾರ್ಟಿಷನ್ ಬೇಕೇ ಬೇಕು. ಹೊಸದಾಗಿ ಮಾಡುವುದಾದರೆ 1 ಜಿಬಿ ಕೊಟ್ಟು ಮರೆತುಬಿಡಿ. ಯುಇಎಫ್ಐ ಇಲ್ಲದ ಬೋರ್ಡಿನಲ್ಲಿ ಜಿಪಿಟಿ ಬಳಸುವಿರಾದರೆ ಬೂಟ್‌ಲೋಡರ್ ಆದ ಗ್ರಬ್‌ಗೆಂದು 1 ಎಂಬಿಯ ಬಯಾಸ್ ಬೂಟ್ ಪಾರ್ಟಿಷನ್ ಇಡಬೇಕು. ಇದನ್ನು ಬಿಟ್ಟರೆ ಕೊನೆಯ ಹಂತದಲ್ಲಿ ಗ್ರಬ್ ಕೂರಲಾರೆ ಎನ್ನುತ್ತದೆ, ಅಲ್ಲಿಯವರೆಗಿನ ಕೆಲಸವೆಲ್ಲ ದಂಡ.

ಹೋಮ್ ಬೇರೆ ಬೇಕೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ನಿಮ್ಮ ಫೋಟೋ, ಕಡತ, ಬ್ರೌಸರಿನ ಬುಕ್‌ಮಾರ್ಕ್ ಎಲ್ಲ ಇರುವುದು ಹೋಮ್‌ನಲ್ಲಿ. ಅದು ಪ್ರತ್ಯೇಕವಾಗಿದ್ದರೆ ರೂಟ್ ಅಳಿಸಿ ಬೇರೆ ಲಿನಕ್ಸ್ ಹಾಕಿದರೂ ಹೋಮ್ ಹಾಗೇ ಉಳಿಯುತ್ತದೆ. ಆರು ತಿಂಗಳಿಗೊಮ್ಮೆ ಉಬುಂಟುವಿನಿಂದ ಫೆಡೋರಾ, ಫೆಡೋರಾದಿಂದ ಆರ್ಚ್ ಎಂದು ಹಾರುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಈ ಗೋಡೆ ನಿಜವಾಗಿ ಉಪಯುಕ್ತ. ಒಮ್ಮೆ ಹಾಕಿ ಐದು ವರ್ಷ ಮುಟ್ಟದವರಿಗೆ ಅಷ್ಟೇನೂ ಬೇಡ.

ರೂಟ್‌ಗೆ ಎಷ್ಟು ಕೊಡಬೇಕು ಎಂಬಲ್ಲಿ ಹಳೆಯ ಲೆಕ್ಕ ಕೈಕೊಡುತ್ತದೆ. 20 ಜಿಬಿ ಸಾಕು, 30 ಧಾರಾಳ ಎನ್ನುವ ಮಾತು ಈಗಲೂ ಓಡಾಡುತ್ತಿದೆ. ಇವತ್ತಿನ ಲಿನಕ್ಸಿನಲ್ಲಿ ಆ್ಯಪ್‌ಗಳು ಹೋಗಿ ಕೂರುವ ಜಾಗ ನೋಡಿ. ಸ್ನ್ಯಾಪ್‌ಗಳು, ಫ್ಲ್ಯಾಟ್‌ಪ್ಯಾಕ್‌ಗಳು, ಡಾಕರ್ ಇಮೇಜ್‌ಗಳು ಇವೆಲ್ಲ ಕೂರುವುದು ವಾರ್ ಒಳಗಿನ ಲಿಬ್‌ನಲ್ಲಿ. ವಾರ್ ಇರುವುದು ರೂಟ್‌ನಲ್ಲಿ. ನಾಲ್ಕು ಡಾಕರ್ ಇಮೇಜ್ ಇಳಿಸಿಕೊಂಡ ವಿದ್ಯಾರ್ಥಿಯ 30 ಜಿಬಿ ರೂಟ್ ಒಂದೇ ಸೆಮಿಸ್ಟರಿನಲ್ಲಿ ತುಂಬುತ್ತದೆ. ಹೋಮ್‌ನಲ್ಲಿ 150 ಜಿಬಿ ಸುಮ್ಮನೆ ಬಿದ್ದಿರುತ್ತದೆ. ರೂಟ್ ತುಂಬಿದ ಕಂಪ್ಯೂಟರ್ ಅಪ್‌ಡೇಟ್ ಮಾಡಲಾರದು, ಕೆಲವೊಮ್ಮೆ ಲಾಗಿನ್ ಪರದೆಯಲ್ಲೇ ಪಾಸ್‌ವರ್ಡ್ ಕೇಳಿ ಕೇಳಿ ವಾಪಸ್ ಬರುತ್ತದೆ. ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ, ಒಂದು ಸಣ್ಣ ಕಡತ ಬರೆದುಕೊಳ್ಳಲೂ ಅದಕ್ಕೆ ಜಾಗವಿರುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ. ಡಿಸ್ಕ್ 256 ಜಿಬಿ ಅಥವಾ ಕಡಿಮೆಯಿದ್ದರೆ ಹೋಮ್ ಬೇರೆ ಮಾಡಲೇಬೇಡಿ, ಒಂದೇ ರೂಟ್ ಇರಲಿ. 500 ಜಿಬಿ ಮೇಲಿದ್ದರೆ ರೂಟ್‌ಗೆ 80ರಿಂದ 100, ಉಳಿದದ್ದು ಹೋಮ್. ಪೆಟ್ಟಿಗೆಯ ಮೇಲೆ 512 ಎಂದಿದ್ದರೂ ಪರದೆಯಲ್ಲಿ 476 ಎಂದೇ ಕಾಣಬಹುದು, 1 ಟಿಬಿಯದು 931 ಎಂದು. ಅಂಗಡಿಯವನು ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್‌ನಂಥವು 1024ರ ಲೆಕ್ಕದಲ್ಲಿ.

ಗೋಡೆಯೂ ಬೇಕು, ಜಾಗವೂ ಹಂಚಿಕೆಯಾಗಬೇಕು ಎನ್ನುವವರಿಗೆ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಇದೆ. ಫೆಡೋರಾ ವರ್ಕ್‌ಸ್ಟೇಷನ್ 2020ರ 33ನೇ ಆವೃತ್ತಿಯಿಂದ ಇದನ್ನೇ ಬಳಸುತ್ತಿದೆ. ಇದರಲ್ಲಿ ರೂಟ್, ಹೋಮ್ ಎರಡೂ ಸಬ್‌ವಾಲ್ಯೂಮ್‌ಗಳಾಗಿ ಬೇರೆಬೇರೆ ನಿಲ್ಲುತ್ತವೆ, ಖಾಲಿ ಜಾಗ ಮಾತ್ರ ಎರಡಕ್ಕೂ ಒಂದೇ. ಅಪ್‌ಡೇಟಿಗೆ ಮುಂಚೆ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಕೆಟ್ಟಾಗ ಹಿಂದಕ್ಕೆ ಹೋಗಬಹುದು. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ ಎಂಬುದು ಮಾತ್ರ ನೆನಪಿರಲಿ. ಡಿಸ್ಕ್ ಸತ್ತರೆ ಕಡತವೂ ಸ್ನ್ಯಾಪ್‌ಶಾಟೂ ಒಟ್ಟಿಗೆ ಹೋಗುತ್ತವೆ.

ಎರಡು ಓಎಸ್ ಇರುವ ಲ್ಯಾಪ್‌ಟಾಪ್

ಸವಳಂಗ ರಸ್ತೆಯ ಜೆಎನ್‌ಎನ್‌ಸಿಇ ಇರಲಿ, ಸಾಗರ ರಸ್ತೆಯ ಪಿಇಎಸ್ ಇರಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಎಂಸಿಎ ಇರಲಿ, ವಿದ್ಯಾರ್ಥಿಯ ಕೈಗೆ ಬರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಮೊದಲೇ ಕೂತಿರುತ್ತದೆ. ವಾರಂಟಿ, ಗೇಮ್, ಅಪ್ಪನ ಟ್ಯಾಲಿ ಎಂದು ಅದನ್ನು ತೆಗೆಯುವ ಹಾಗಿಲ್ಲ. ಪಕ್ಕದಲ್ಲಿ ಲಿನಕ್ಸ್ ಹಾಕಬೇಕು.

ಇಲ್ಲಿ ಪಾರ್ಟಿಷನ್ ಆಯ್ಕೆಗಿಂತ ಮುಂಚಿನ ಕೆಲಸವೇ ಹೆಚ್ಚು. ಡಿಸ್ಕಿನ ನಕ್ಷೆ ತೆರೆದರೆ ಎಡಗಡೆ 100 ಅಥವಾ 260 ಎಂಬಿಯ ಇಎಫ್ಐ, ಅದರ ಪಕ್ಕ ವಿಂಡೋಸಿನ ನಕ್ಷೆಯಲ್ಲಿ ಕಾಣಿಸಿಕೊಳ್ಳದ 16 ಎಂಬಿಯ ಮೀಸಲು ತುಂಡು, ಆಮೇಲೆ ಸಿ, ಸಾಮಾನ್ಯವಾಗಿ ಕೊನೆಯಲ್ಲಿ ರಿಕವರಿ. ಸಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ. 24ಎಚ್2 ಆವೃತ್ತಿಯಿಂದೀಚೆಗೆ ಹೊಸ ಮಶೀನಿಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಡಿಸ್ಕ್ ತಾನೇ ಎನ್‌ಕ್ರಿಪ್ಟ್ ಆಗುವುದು ಸಾಮಾನ್ಯ. ಹೆಚ್ಚಿನವರಿಗೆ ಇದು ತಿಳಿದೇ ಇರುವುದಿಲ್ಲ. ಬಿಟ್‌ಲಾಕರಿನ 48 ಅಂಕಿಯ ರಿಕವರಿ ಕೀ ಎಲ್ಲಿದೆ ಎಂದು ಮೊದಲು ನಿಮ್ಮ ಖಾತೆಯಲ್ಲಿ ಹುಡುಕಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಉಬುಂಟು ಇನ್‌ಸ್ಟಾಲರ್ ಬಿಟ್‌ಲಾಕರ್ ಹಾಕಿದ ಪಾರ್ಟಿಷನ್ನನ್ನು ಕಿರಿದು ಮಾಡುವುದಿಲ್ಲ. ಆ ಕೆಲಸ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಆಗಬೇಕು.

ಅಲ್ಲಿ ಹೋದರೆ ಇನ್ನೊಂದು ತಕರಾರು. 300 ಜಿಬಿ ಖಾಲಿಯಿದ್ದರೂ ಶ್ರಿಂಕ್ ಮಾಡಲು 90 ಮಾತ್ರ ಕೊಡುತ್ತೇನೆ ಎನ್ನಬಹುದು. ಸರಿಸಲಾಗದ ಕಡತಗಳು ನಡುವೆ ಕೂತಿರುವುದೇ ಕಾರಣ. ಹೈಬರ್ನೇಷನ್, ಪೇಜ್‌ಫೈಲ್, ಸಿಸ್ಟಂ ರಿಸ್ಟೋರ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ನೋಡಿದರೆ ಸಾಮಾನ್ಯವಾಗಿ ದಾರಿ ಬಿಡುತ್ತದೆ. ಫಾಸ್ಟ್ ಸ್ಟಾರ್ಟಪ್ ಮಾತ್ರ ಶಾಶ್ವತವಾಗಿ ಆಫ್ ಆಗಿರಲಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿರುವುದೇ ಇಲ್ಲ, ಲಿನಕ್ಸಿನಿಂದ ಸಿ ಡ್ರೈವನ್ನು ಓದಬಹುದೇ ಹೊರತು ಬರೆಯಲಾಗದು. ಲಿನಕ್ಸ್ ಇನ್‌ಸ್ಟಾಲರಿಗೆ ಡಿಸ್ಕೇ ಕಾಣುತ್ತಿಲ್ಲವೆಂದರೆ ಬಯಾಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಆನ್ ಇರುತ್ತದೆ. ಎಎಚ್‌ಸಿಐಗೆ ಬದಲಿಸಬೇಕು, ಆದರೆ ಥಟ್ಟನೆ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ, ಬಯಾಸಿನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಏಳಿಸಿ ನಂತರ ಮಾಮೂಲಿಗೆ ತನ್ನಿ.

ಇಷ್ಟಾದ ಮೇಲೆ ಪಾರ್ಟಿಷನ್ ಸುಲಭ. 512ರ ಲ್ಯಾಪ್‌ಟಾಪಿನಲ್ಲಿ ವಿಂಡೋಸಿಗೆ 220, ಲಿನಕ್ಸಿಗೆ ಉಳಿದ 250ರ ಆಸುಪಾಸು ಒಂದೇ ರೂಟ್. ಇಎಫ್ಐ ಎರಡಕ್ಕೂ ಒಂದೇ ಸಾಕು. ಉಬುಂಟು, ಡೆಬಿಯನ್ ಅದರೊಳಗೆ ಕೆಲವೇ ಎಂಬಿಯ ಕಡತ ಇಡುವುದರಿಂದ 100 ಎಂಬಿಯೂ ನಡೆಯುತ್ತದೆ. ಕರ್ನಲ್‌ಗಳನ್ನೇ ಅಲ್ಲಿಡುವ ಪಾಪ್ ಓಎಸ್‌ನಂಥವಕ್ಕೆ ಅದು ಸಾಲದು.

ದಿನಾ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಭದ್ರಾವತಿ, ಶಿವಮೊಗ್ಗ ಓಡಾಡುವವರು ಎನ್‌ಕ್ರಿಪ್ಷನ್ ಆರಿಸಿಕೊಳ್ಳಿ. ಆಗ ಬೂಟ್ ಎಂಬ ಪಾರ್ಟಿಷನ್ ಹೊರಗೆ ಬೇಕಾಗುತ್ತದೆ, ಇದು ಕಾರಣವಿರುವ ಗೋಡೆ. 1 ಜಿಬಿ ಕನಿಷ್ಠ, 2 ಇದ್ದರೆ ಹಳೆಯ ಕರ್ನಲ್ ತುಂಬಿಕೊಂಡು ಅಪ್‌ಡೇಟ್ ನಿಲ್ಲುವ ರಗಳೆ ಇರುವುದಿಲ್ಲ.

ಅಂಗಡಿಯ ಡೆಸ್ಕ್‌ಟಾಪ್

ಲಗ್ನಪತ್ರಿಕೆ, ಬಿಲ್ ಪುಸ್ತಕ, ಬ್ಯಾನರ್ ಮಾಡುವ ಡಿಟಿಪಿ ಅಂಗಡಿಯ ಸಮಸ್ಯೆಯೇ ಬೇರೆ. ಪೇಜ್‌ಮೇಕರ್, ಕೋರಲ್‌ಡ್ರಾ, ನುಡಿ ಅಥವಾ ಶ್ರೀಲಿಪಿ ಅಕ್ಷರದಲ್ಲಿ ಮಾಡಿಟ್ಟ ಹತ್ತು ವರ್ಷದ ಕೆಲಸ ವಿಂಡೋಸಿಗೇ ಅಂಟಿಕೊಂಡಿದೆ. ಟೈಪಿಂಗ್ ಅಭ್ಯಾಸಕ್ಕೆ ತೊಂದರೆಯಿಲ್ಲ. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಸಿಗುತ್ತದೆ. ಆದರೆ ಹಳೆಯ ಕಡತ ತೆರೆಯಲು ವಿಂಡೋಸ್ ಒಂದು ಮೂಲೆಯಲ್ಲಿ ಇರಲೇಬೇಕು, ನೆಟ್ ಸಂಪರ್ಕ ತೆಗೆದು.

ಸಾಮಾನ್ಯವಾಗಿ ಇಂಥ ಮಶೀನಿನಲ್ಲಿ ಹೊಸ ಎಸ್‌ಎಸ್‌ಡಿ ಒಂದು, ಹಳೆಯ 1 ಟಿಬಿ ಹಾರ್ಡ್ ಡಿಸ್ಕ್ ಒಂದು. ಎಸ್‌ಎಸ್‌ಡಿಯಲ್ಲಿ ರೂಟ್, ಹೋಮ್ ಎಲ್ಲ ಒಟ್ಟಿಗೆ ಇರಲಿ. ಇಡೀ ಹೋಮನ್ನು ಹಳೆಯ ಡಿಸ್ಕಿಗೆ ಹಾಕಿದರೆ ಬ್ರೌಸರ್ ತೆರೆಯುವುದೂ ನಿಧಾನ, ಎಸ್‌ಎಸ್‌ಡಿ ಹಾಕಿಸಿದ್ದೇ ವ್ಯರ್ಥ. ಹಳೆಯ ಡಿಸ್ಕನ್ನು ದತ್ತ ಎಂದೋ ಕೆಲಸ ಎಂದೋ ಬೇರೆ ಕಡೆ ಮೌಂಟ್ ಮಾಡಿ, ಗಿರಾಕಿಗಳ ಕಡತ ಮಾತ್ರ ಅಲ್ಲಿಡಿ. ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಆ ಸಾಲಿಗೆ ನೋಫೇಲ್ ಎಂಬ ಒಂದು ಪದ ಸೇರಿಸಲು ಮರೆಯಬೇಡಿ. ಅದಿಲ್ಲದಿದ್ದರೆ ಹಳೆಯ ಡಿಸ್ಕ್ ಕೈಕೊಟ್ಟ ದಿನ ಕಂಪ್ಯೂಟರ್ ಅದಕ್ಕಾಗಿ 90 ಸೆಕೆಂಡ್ ಕಾದು, ಕೊನೆಗೆ ಎಮರ್ಜೆನ್ಸಿ ಮೋಡಿನ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಅಂಗಡಿ ತುಂಬ ಜನ ನಿಂತಿರುವಾಗ ಅದು ಬೇಡ.

ಆ ಡೇಟಾ ಪಾರ್ಟಿಷನ್ನಿಗೆ ಯಾವ ಫೈಲ್ ಸಿಸ್ಟಂ? ವಿಂಡೋಸಿನಿಂದಲೂ ತೆರೆಯಬೇಕಾದರೆ ಎನ್‌ಟಿಎಫ್‌ಎಸ್. 2021ರ 5.15 ಕರ್ನಲ್‌ನಿಂದ ಇದಕ್ಕೆ ಕರ್ನಲ್ಲಿನೊಳಗೇ ಓದುವ, ಬರೆಯುವ ಡ್ರೈವರ್ ಬಂದಿದೆ. ಎಕ್ಸ್‌ಫ್ಯಾಟ್ ಪೆನ್‌ಡ್ರೈವಿಗೆ ಸರಿ, ಕಾಯಂ ಡಿಸ್ಕಿಗೆ ಬೇಡ. ಬರೆಯುವ ಕೆಲಸವನ್ನು ಮೊದಲೇ ಗುರುತು ಹಾಕಿಕೊಳ್ಳುವ ಜರ್ನಲ್ ಅದಕ್ಕೆ ಇಲ್ಲ. ಮಳೆಗಾಲದಲ್ಲಿ ಗುಡುಗು ಸಿಡಿಲಿನ ಜೊತೆ ಸಂಜೆ ಸಂಜೆಗೆ ಕರೆಂಟ್ ಹೋಗುವ ಊರಿನಲ್ಲಿ, ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿರುವ ಅಂಗಡಿಯಲ್ಲಿ ಜರ್ನಲ್ ಇಲ್ಲದ ಫೈಲ್ ಸಿಸ್ಟಂ ನಂಬಲಾಗದು. ಲಿನಕ್ಸ್ ಒಂದೇ ಬಳಸುವುದಾದರೆ ಎಕ್ಸ್‌ಟಿ4. ಕರೆಂಟ್ ಹೋಗಿ ಬಂದರೆ ಜರ್ನಲ್ ನೋಡಿಕೊಂಡು ಸೆಕೆಂಡುಗಳಲ್ಲಿ ಎದ್ದು ನಿಲ್ಲುತ್ತದೆ. ಆಗ ಬರೆಯುತ್ತಿದ್ದ ಕಡತದ ಕೊನೆಯ ಭಾಗ ಹೋಗಬಹುದು, ಇಡೀ ಡಿಸ್ಕ್ ಅಲ್ಲ. ಅಪರೂಪಕ್ಕೆ ಇನಿಟ್‌ರಾಮ್‌ಎಫ್‌ಎಸ್ ಎಂದು ಬರೆದುಕೊಂಡು ನಿಂತರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಸಬೇಡಿ. ಯಾವ ಪಾರ್ಟಿಷನ್ ಎಂದು ಅದೇ ಹೇಳಿರುತ್ತದೆ, ಅದರ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ಬಹುಪಾಲು ಸರಿಹೋಗುತ್ತದೆ.

ಎಕ್ಸ್‌ಟಿ4ನಲ್ಲಿ ಎರಡು ವಿಷಯ ಗೊತ್ತಿರಲಿ. ಒಂದು, ಅದು ಪ್ರತಿ ಪಾರ್ಟಿಷನ್ನಿನಲ್ಲಿ ಶೇ 5ರಷ್ಟನ್ನು ರೂಟ್ ಬಳಕೆದಾರನಿಗೆಂದು ಎತ್ತಿಡುತ್ತದೆ. ರೂಟ್ ಪಾರ್ಟಿಷನ್ನಿಗೆ ಅದು ಒಳ್ಳೆಯದು. ಬರೀ ಕಡತ ಇಡುವ 1 ಟಿಬಿ ಡಿಸ್ಕಿನಲ್ಲಿ ಸುಮಾರು 50 ಜಿಬಿ ಸುಮ್ಮನೆ ಹೋದಂತೆ. ಟ್ಯೂನ್2ಎಫ್‌ಎಸ್‌ನಿಂದ ಶೇ 1ಕ್ಕೆ ಇಳಿಸಬಹುದು. ಇನ್ನೊಂದು ಕನ್ನಡದವರೇ ಎಡವುವ ಕಲ್ಲು. ಎಕ್ಸ್‌ಟಿ4ನಲ್ಲಿ ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಲಿನಕ್ಸ್ ಬಳಸುವ ಯುಟಿಎಫ್-8 ಯುನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಒತ್ತು, ಕೊಂಬು, ದೀರ್ಘ ಎಲ್ಲ ಬೇರೆಬೇರೆ ಲೆಕ್ಕ. ಅಂದರೆ 85 ಚಿಹ್ನೆಗೆ ಮುಗಿಯಿತು. ‘ಭದ್ರಾವತಿ ಹೊಸಮನೆ ಗೃಹಪ್ರವೇಶ ಆಮಂತ್ರಣ ಪತ್ರಿಕೆ ತಿದ್ದಿದ್ದು ಅಂತಿಮ ಮತ್ತೆ ತಿದ್ದಿದ್ದು’ ಎಂಬಂಥ ಹೆಸರಿಗೆ ಇನ್ನೆರಡು ಪದ ಸೇರಿಸಿದರೆ ಮಿತಿ ಮುಟ್ಟುತ್ತದೆ. ಎನ್‌ಟಿಎಫ್‌ಎಸ್ 255 ಚಿಹ್ನೆಯವರೆಗೆ ಸುಮ್ಮನಿರುವುದರಿಂದ ವಿಂಡೋಸಿನಲ್ಲಿ ಇದು ಕಾಣಿಸುವುದಿಲ್ಲ. ಕಡತಗಳನ್ನು ಸಾಗಿಸುವಾಗ ಹೆಸರು ಉದ್ದವಾಯಿತು ಎಂಬ ದೋಷ ಬಂದು ಕೆಲವು ಹಿಂದುಳಿದುಬಿಡುತ್ತವೆ. ಸಾಗಿಸಿದ ಮೇಲೆ ಎಣಿಕೆ ತಾಳೆ ನೋಡಿ, ಆಮೇಲೆ ಹಳೆಯದನ್ನು ಅಳಿಸಿ.

ಸದಾ ಓಡುವ ಮಶೀನ್

ಕಾಲೇಜಿನ ಹಾಜರಾತಿ ಸರ್ವರ್, ಸೊಸೈಟಿಯ ಲೆಕ್ಕದ ಡೇಟಾಬೇಸ್, ಸಿಸಿ ಕ್ಯಾಮೆರಾ ರೆಕಾರ್ಡಿಂಗ್ ಇಂಥ ಕಡೆ ಮಾತ್ರ ನಾನು ಗೋಡೆಗಳ ಪರ. ಇಲ್ಲಿ ಅನಾಹುತಕ್ಕೆ ಹೆಸರಿದೆ. ತಾನಾಗಿ ಬೆಳೆಯುವ ಯಾವುದೋ ಒಂದು ಎಲ್ಲ ಜಾಗ ನುಂಗಿ ಇಡೀ ಯಂತ್ರವನ್ನು ನಿಲ್ಲಿಸುತ್ತದೆ. ಕ್ಯಾಮೆರಾ ರೆಕಾರ್ಡಿಂಗ್ ರೂಟ್‌ನಲ್ಲಿ ಬರೆಯುತ್ತಿದ್ದರೆ ಅದು ತುಂಬಿದ ರಾತ್ರಿ ಡೇಟಾಬೇಸೂ ನಿಲ್ಲುತ್ತದೆ. ಸಿಸ್ಟಂ ಲಾಗ್ ತನ್ನ ಮಿತಿ ತಾನೇ ನೋಡಿಕೊಳ್ಳುತ್ತದೆ, ಡಿಸ್ಕಿನ ಶೇ 10 ಅಥವಾ 4 ಜಿಬಿ, ಯಾವುದು ಕಡಿಮೆಯೋ ಅದಕ್ಕೆ ನಿಲ್ಲುತ್ತದೆ. ಬೇರೆ ತಂತ್ರಾಂಶಗಳಿಗೆ ಆ ಮರ್ಯಾದೆ ಇರಬೇಕೆಂದಿಲ್ಲ. ಬೆಳೆಯುವುದು ಯಾವುದು ಎಂದು ಗುರುತಿಸಿ ಅದಕ್ಕೆ ಪ್ರತ್ಯೇಕ ಪಾರ್ಟಿಷನ್ ಕೊಡಿ. ಅದು ತುಂಬಿದರೆ ಅದೊಂದೇ ನಿಲ್ಲಲಿ.

ಸರ್ವರಿನಲ್ಲಿ ಗೋಡೆಗಳನ್ನು ಆಮೇಲೆ ಸರಿಸಲು ಬಿಡುವ ಎಲ್‌ವಿಎಂ ಬಳಸಿ, ಜಾಗ ಪೂರ್ತಿ ಹಂಚಬೇಡಿ. ರೂಟ್‌ಗೆ 40, ಡೇಟಾಬೇಸಿಗೆ 60 ಕೊಟ್ಟು ಉಳಿದದ್ದನ್ನು ಯಾರಿಗೂ ಬರೆದುಕೊಡದೆ ಇಟ್ಟುಕೊಳ್ಳಿ. ಎಕ್ಸ್‌ಟಿ4 ಪಾರ್ಟಿಷನ್ನನ್ನು ಓಡುತ್ತಿರುವಾಗಲೇ ದೊಡ್ಡದು ಮಾಡಬಹುದು. ಚಿಕ್ಕದು ಮಾಡಬೇಕಾದರೆ ಅನ್‌ಮೌಂಟ್ ಮಾಡಲೇಬೇಕು, ಎಕ್ಸ್‌ಎಫ್‌ಎಸ್ ಆದರೆ ಅದಕ್ಕೆ ಮಾಮೂಲಿ ದಾರಿಯೇ ಇಲ್ಲ. ಹೀಗೆ ಜಾಗ ಹಂಚದೆ ಉಳಿಸುವುದನ್ನು ಉಬುಂಟು ಸರ್ವರ್ ತಾನಾಗಿಯೇ ಮಾಡುತ್ತದೆ. 200 ಜಿಬಿ ಮೀರಿದ ಡಿಸ್ಕಿನಲ್ಲಿ ಎಲ್‌ವಿಎಂ ಆಯ್ದರೆ ರೂಟ್‌ಗೆ 100 ಮಾತ್ರ ಕೊಟ್ಟು ಉಳಿದದ್ದನ್ನು ಖಾಲಿ ಬಿಡುತ್ತದೆ. ಇದು ಗೊತ್ತಿಲ್ಲದವರು 1 ಟಿಬಿ ಡಿಸ್ಕ್ ಫುಲ್ ಆಯಿತೆಂದು ಹೊಸ ಡಿಸ್ಕ್ ಖರೀದಿಗೆ ಕೊಟೇಷನ್ ತರಿಸುತ್ತಾರೆ. 800 ಜಿಬಿಗೂ ಹೆಚ್ಚು ಅಲ್ಲೇ ಇರುತ್ತದೆ, ಒಂದು ಆದೇಶ ಸಾಕು. ಎಲ್‌ವಿಎಂನಲ್ಲಿ ಮಾಡಬಾರದ ಕೆಲಸ ಒಂದಿದೆ. ಹೊಸ ಎಸ್‌ಎಸ್‌ಡಿ ಮತ್ತು ಮುದಿ ಹಾರ್ಡ್ ಡಿಸ್ಕನ್ನು ಜೋಡಿಸಿ ಒಂದೇ ದೊಡ್ಡ ಪಾರ್ಟಿಷನ್ ಮಾಡಿದರೆ ಮುದಿಯದು ಹೋದ ದಿನ ಎರಡೂ ಹೋದ ಹಾಗೆ.

ಲ್ಯಾಬ್‌ಗಳಲ್ಲಿ ಇಷ್ಟೂ ಬೇಡ. ಕಾಸರಗೋಡಿನ ಕನ್ನಡ ಮಾಧ್ಯಮ ಮಕ್ಕಳು ಕೇರಳದ ಕೈಟ್ ಸಂಸ್ಥೆ ರೂಪಿಸಿದ ಉಬುಂಟು ಆಧಾರಿತ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ನಮ್ಮ ಎಂಜಿನಿಯರಿಂಗ್ ಲ್ಯಾಬ್‌ಗಳಲ್ಲೂ ಉಬುಂಟು ಮಾಮೂಲು. ಒಂದು ಬ್ಯಾಚ್ ಎದ್ದು ಇನ್ನೊಂದು ಬ್ಯಾಚ್ ಕೂರುವ ಅಂಥ ಮಶೀನಿನಲ್ಲಿ ಒಂದೇ ರೂಟ್ ಇರಲಿ, ಕೆಟ್ಟರೆ ಇಮೇಜಿನಿಂದ ಮತ್ತೆ ಹಾಕಿ. ಮಕ್ಕಳ ಕಡತ ನೆಟ್‌ವರ್ಕಿನಲ್ಲೋ ಪೆನ್‌ಡ್ರೈವಿನಲ್ಲೋ ಇರಬೇಕು.

ರ್‍ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗವಾದ ಸ್ವಾಪ್ ಬಗ್ಗೆ ಒಂದೆರಡು ಮಾತು. ರ್‍ಯಾಮಿನ ಎರಡರಷ್ಟು ಎಂಬ ಸೂತ್ರ 64 ಎಂಬಿ ರ್‍ಯಾಮ್ ಇದ್ದ ಕಾಲದ್ದು. ಉಬುಂಟು 17.04ರಿಂದಲೇ ಪಾರ್ಟಿಷನ್ ಬಿಟ್ಟು ಸ್ವಾಪ್ ಫೈಲ್‌ಗೆ ಬಂದಿದೆ, ಅದನ್ನು ಯಾವಾಗ ಬೇಕಾದರೂ ಹಿಗ್ಗಿಸಬಹುದು. 8 ಜಿಬಿ ರ್‍ಯಾಮಿಗೆ 4 ಜಿಬಿ ಫೈಲ್ ಸಾಕು. ಹೈಬರ್ನೇಟ್ ಮಾಡುವ ಅಭ್ಯಾಸವಿದ್ದರೆ ಮಾತ್ರ ರ್‍ಯಾಮಿನಷ್ಟೇ ಸ್ವಾಪ್ ಇಡಿ. ಟೆಂಪ್‌ಗೂ ಬೇರೆ ಪಾರ್ಟಿಷನ್ ಬೇಕಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅದನ್ನು ರ್‍ಯಾಮಿನಲ್ಲೇ ಇಡುತ್ತದೆ.

ಇನ್‌ಸ್ಟಾಲ್ ಗುಂಡಿ ಒತ್ತುವ ಮುಂಚೆ ನೋಡಬೇಕಾದದ್ದು ಮೂರು. ಮುಖ್ಯ ಕಡತಗಳ ಪ್ರತಿ ಬೇರೆ ಡಿಸ್ಕಿನಲ್ಲಿದೆಯೇ, ಆ ಡಿಸ್ಕಿನ ಕೇಬಲ್ ಕಿತ್ತಿಟ್ಟಿದ್ದೀರಾ ನೋಡಿ. ಬರೆಯಲು ಹೊರಟಿರುವ ಡಿಸ್ಕಿನ ಗಾತ್ರ, ಕಂಪನಿ ಹೆಸರು ತಾಳೆಯಾಗಬೇಕು. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರನ್ನು ನಂಬಬೇಡಿ, ಪೆನ್‌ಡ್ರೈವ್ ಹಾಕಿದಾಗ ಅವು ಅದಲುಬದಲಾಗುತ್ತವೆ. ಹಳೆಯ ಹೋಮ್ ಉಳಿಸಿಕೊಳ್ಳುವುದಾದರೆ ಆ ಸಾಲಿನ ಮುಂದಿನ ಫಾರ್ಮ್ಯಾಟ್ ಚೌಕದಲ್ಲಿ ಟಿಕ್ ಇರಬಾರದು, ವಿಂಡೋಸ್ ಇರುವ ಮಶೀನಾದರೆ ಇಎಫ್ಐ ಸಾಲಿನ ಮುಂದೆಯೂ ಇರಬಾರದು.